ಹಕ್ಕಿಗಳಿಗೆ ಊರವರ ಹೆಸರು

ನನ್ನ ತಮ್ಮ ಅಬ್ದೋನ್ ಹೆಣ್ಣು ಕೇಳಲು ಹೋದ ದಿನ, ಹೆಣ್ಣಿನ ಮನೆಯ ಬೇಲಿಯಿಂದಲೇ ಹೂ ಕಿತ್ತು ಗೊಂಚಲು ಕಟ್ಟಿ ಹೆಣ್ಣಿನ ತಾಯಿಯ ಕೈಗೆ ಕೊಟ್ಟ. ಕೊಟ್ಟು ಹಲ್ಲು ಕಿರಿದು ನಿಂತ.

ನಾನು ಅವನ ಹಿಂದೆಯೇ ಇದ್ದೆ. ನನ್ನ ಕೈಯಲ್ಲಿ ಆಲೂಗಡ್ಡೆಯ ಮೇಲೆ ಮಲಗಿಸಿದ ಸುಟ್ಟ ಗಿನಿಯಿಲಿಗಳ ಬುಟ್ಟಿ. ನನ್ನ ಹಿಂದೆ ಚರ್ಚಿನ ಗಂಟೆ ಹೊಡೆಯುವ ತೋಬಿಯಾಸ್, ಅವನ ಕೈಯಲ್ಲಿ ದಾಲ್ಚಿನ್ನಿ ಹಾಕಿ ಕುದಿಸಿದ ಕಬ್ಬಿನ ಸಾರಾಯಿಯ ಕೊಡ. ಅದನ್ನು ಅವನ ಕೈಗೆ ಕೊಟ್ಟದ್ದು ನನ್ನ ಬುದ್ಧಿಗೇಡಿತನ, ಅರ್ಧ ದಾರಿಯಲ್ಲೇ ಕೊಡ ಹಗುರವಾಗಿತ್ತು. ನಮ್ಮ ಊರು ಕಿಂದೆಪಾಂಬದಲ್ಲಿ ಹೆಣ್ಣು ಕೇಳುವಾಗ ಹುಡುಗನಾದವನು ತುಟಿ ಬಿಚ್ಚುವಂತಿಲ್ಲ. ಟೋಪಿ ಕೈಯಲ್ಲಿ ಹಿಡಿದು ಗೂಟದ ಹಾಗೆ ನಿಲ್ಲಬೇಕು, ಮಾತೆಲ್ಲ ಹಿರಿಯರದು. ಅಪ್ಪ ಅಮ್ಮ ಇಲ್ಲದ ಮನೆಗೆ ನಾನೇ ಹಿರಿಯಳು. ಹುಡುಗ ಅಂದೆನಲ್ಲ, ತಲೆ ಅರ್ಧ ಬೆಳ್ಳಗಾದ ಹುಡುಗ ಅವನು. ನಾನು ವಾರವಿಡೀ ಕನ್ನಡಿಯ ಮುಂದೆ ಮಾತು ತಯಾರು ಮಾಡಿಕೊಂಡಿದ್ದೆ. ಒಂದು ಪದ ಆಡುವ ಮೊದಲೇ ಈ ಪುಣ್ಯಾತ್ಮ ಹೂ ಕೊಟ್ಟುಬಿಟ್ಟ.

ದೋನ್ಯ ಎರ್ಮೆಲಿಂದ ಹೂಗಳನ್ನು ತಿರುಗಿಸಿ ನೋಡಿದಳು. ಎಂಬತ್ತು ದಾಟಿದ ಮುದುಕಿ, ಊರೆಲ್ಲ ಮರ್ಯಾದೆಗೆ ದೋನ್ಯ ಅನ್ನುತ್ತದೆ. ಅವಳ ತೋಟ ನೋಡಲು ರಾಜಧಾನಿ ಕೀಟೋದಿಂದ, ಸಮುದ್ರದಾಚೆಯಿಂದ, ತೋಳುದ್ದದ ಕ್ಯಾಮೆರಾ ಹೊತ್ತವರು ಬಂದು ಜಗಲಿಯ ಮೇಲೆ ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಅವರು ನೋಡುವುದು ಕಿಂದೆಗಳನ್ನು. ಹೆಬ್ಬೆರಳಿನಷ್ಟು ಗಾತ್ರದ, ಗಾಳಿಯಲ್ಲಿ ನಿಂತಲ್ಲೇ ನಿಂತು ಹೂವಿನ ಜೇನು ಹೀರುವ ಹಮ್ಮಿಂಗ್ ಬರ್ಡ್‌ಗೆ ನಾವು ಕಿಂದೆ ಅನ್ನುತ್ತೇವೆ.

"ಇದು ನನ್ನ ಜುಮುಕಿ ಹೂ" ಅಂದಳು ಎರ್ಮೆಲಿಂದ.

"ಬೇಲಿಯಾಚೆ ನೇತಾಡ್ತಿತ್ತು ದೋನ್ಯ, ಕಾಡುಗಿಡ ಅಂದ್ಕೊಂಡೆ" ಅಂದ ಅಬ್ದೋನ್. ತುಟಿ ಬಿಚ್ಚಬಾರದು ಅಂದಿದ್ದೆನಲ್ಲ, ಅದೂ ಹೋಯಿತು.

"ಕಾಡುಗಿಡ! ನಾಳೆ ಬೆಳಿಗ್ಗೆ ಈ ಗಿಡದ ಕಿಂದೆ ಬಂದು ನನ್ನ ತಿಂಡಿ ಎಲ್ಲಿ ಅಂತ ಕೇಳಿದ್ರೆ ನಿನ್ನ ಮನೆ ದಾರಿ ತೋರಿಸ್ಲಾ? ಒತಿಲಿಯಾ, ನೀನು ಬಾಯಿ ಮುಚ್ಚು, ನಿನ್ನ ಭಾಷಣ ಆಮೇಲೆ. ಈ ಮನೆಗೆ ಬರೋ ಅಳಿಯ ಕಾಗೆಗೂ ಕೋಳಿಗೂ ವ್ಯತ್ಯಾಸ ಗೊತ್ತಿಲ್ಲದ ಗುಗ್ಗು ಆಗಿರೋಕಾಗಲ್ಲ. ಮುಂದಿನ ಭಾನುವಾರ ಚರ್ಚಿನ ಬಲಿಪೂಜೆ ಮುಗಿದ ಮೇಲೆ ಬರ್ಲಿ. ನಾನು ತೋರಿಸಿದ ಹೂ ಯಾವುದು, ಅದಕ್ಕೆ ಬಂದ ಹಕ್ಕಿ ಯಾವುದು, ಎರಡೂ ಹೇಳ್ಲಿ. ಹೇಳಿದ್ರೆ ನಿನ್ನ ಮಾತು ಕೇಳ್ತೀನಿ. ಇಲ್ದಿದ್ರೆ ಲಾಸ್ತೇನಿಯಳ ಹೆಸರನ್ನ ಈ ಬಾಗಿಲಲ್ಲಿ ಇನ್ನೊಂದು ಸಲ ಎತ್ತಕೂಡದು."

ಅವಳ ಮಗಳು ಲಾಸ್ತೇನಿಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು, ಒಲೆಯ ಶಾಖಕ್ಕೋ ಇನ್ಯಾವುದಕ್ಕೋ. ಅವಳೂ ಚಿಕ್ಕವಳಲ್ಲ, ನಲವತ್ತು ದಾಟಿದವಳು. ಅವಳು ಒಳಗೆ ಹೋದಳು. ನಾವು ಗಿನಿಯಿಲಿಗಳ ಸಮೇತ ವಾಪಸು ಬಂದೆವು.

ಹೊಳೆಯ ಸೇತುವೆಯ ತನಕ ಅಬ್ದೋನ್ ಮುಂದೆ ಮುಂದೆ ನಡೆದ. ಸೇತುವೆಯ ಮೇಲೆ ನಿಂತು, "ಅಕ್ಕಾ, ನಂಗೆ ಅವಳು ಬೇಕು" ಅಂದ. ಹುಟ್ಟಿದಾಗಿನಿಂದ ಅವನು ಒಂದು ಕರುವನ್ನು ಬಿಟ್ಟು ಬೇರೇನನ್ನೂ ಬೇಕು ಅಂದವನಲ್ಲ. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಆ ಹೊಳೆಯಲ್ಲಿ ಹೋಯಿತು.

"ಬಾ, ಕಲಿಸ್ತೀನಿ" ಅಂದೆ.

ನನಗೂ ಹಿತ್ತಲಲ್ಲಿ ಒಂದು ಸಣ್ಣ ತೋಟವಿದೆ. ಎರ್ಮೆಲಿಂದಳ ತೋಟದಷ್ಟು ಹೆಸರಿಲ್ಲ, ಆದರೆ ಹಕ್ಕಿಗಳು ಹೆಸರು ಕೇಳಿಕೊಂಡು ಬರುವುದಿಲ್ಲವಲ್ಲ. ಮರುದಿನ ಅವನು ಹಾಲಿನ ಸರದಿ ಮುಗಿಸಿ ಬಂದಮೇಲೆ ಬೆಂಚಿನ ಮೇಲೆ ಕೂರಿಸಿದೆ. ದಿನಾ ಬೆಳಿಗ್ಗೆ ಮನೆಮನೆಗೆ ಹಾಲು ಹಾಕುವುದು ಅವನ ಕೆಲಸ. ತನ್ನ ಹಸುಗಳನ್ನು ಕತ್ತಲಲ್ಲಿ ಕೆಮ್ಮಿನ ಮೇಲೆ ಗುರುತು ಹಿಡಿಯುತ್ತಾನೆ. ಹೂವಿನ ವಿಷಯದಲ್ಲಿ ಮಾತ್ರ ಪ್ರಪಂಚವನ್ನು ಮೂರು ಪಾಲು ಮಾಡಿ ಇಟ್ಟುಕೊಂಡಿದ್ದ.

"ಇದು ಯಾವ ಹೂ?"

"ಹಸು ತಿನ್ನತ್ತೆ."

"ಹೆಸರು ಕಣೋ! ಇದು ಸಾಲ್ವಿಯ. ಇದು?"

"ಹಸು ತಿನ್ನಲ್ಲ."

"ಇದು?"

"ತಿಂದ್ರೆ ಭೇದಿ ಆಗತ್ತೆ."

ಹಣೆ ಚಚ್ಚಿಕೊಂಡೆ. ಆದರೂ ಹೂಗಳು ಹೇಗೋ ತಲೆಗೆ ಹತ್ತಿದವು. ಹಸುವಿನ ಹೊಟ್ಟೆಯ ಪಕ್ಕದಲ್ಲೇ ಒಂದೊಂದು ಹೆಸರನ್ನೂ ಇಟ್ಟುಕೊಂಡ. ಜುಮುಕಿ ಹೂ ಅಂತೂ ಸಾಯುವ ತನಕ ಮರೆಯುವ ಹಾಗಿರಲಿಲ್ಲ. ತೊಂದರೆ ಇದ್ದದ್ದು ಹಕ್ಕಿಗಳದ್ದು.

"ಆ ಹಕ್ಕಿ ಯಾವ ಬಣ್ಣ?"

"ಹಸಿರು."

"ಇದು?"

"ಇದೂ ಹಸಿರು. ಅಕ್ಕಾ, ಎಲ್ಲವೂ ಹಸಿರೇ. ಅದೂ ನೋಡೋಷ್ಟರಲ್ಲಿ ಇರಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೂರು ದಿನ ಕೋಣನ ಮುಂದೆ ಕಿನ್ನರಿ ಬಾರಿಸಿದೆ. ನಾಲ್ಕನೆಯ ದಿನ ಸೋತು ಕೇಳಿದೆ, "ಅಲ್ಲ ಕಣೋ, ನಿನ್ನ ಹಸುಗಳಲ್ಲೂ ಅರ್ಧಕ್ಕರ್ಧ ಕಪ್ಪುಬಿಳುಪು. ಅವನ್ನ ಹೇಗೆ ಗುರುತು ಹಿಡೀತೀಯ?"

"ಬುದ್ಧಿ ನೋಡಿ. ಒಂದು ಹಾಯತ್ತೆ, ಒಂದು ಕದಿಯತ್ತೆ, ಒಂದು ಸುಮ್ಮನೆ ಅರಚತ್ತೆ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಆ ದೀಪವೇ ಆಮೇಲೆ ಮನೆ ಸುಟ್ಟಿತು ಅನ್ನಿ. ಕಿಂದೆಗಳಿಗೂ ಒಂದೊಂದಕ್ಕೆ ಒಂದೊಂದು ಬುದ್ಧಿ, ನಮ್ಮ ಊರಿನವರಿಗಿದ್ದ ಹಾಗೆಯೇ. ಹಾಗಾಗಿ ಬುದ್ಧಿಗೆ ತಕ್ಕ ಹಾಗೆ ಊರವರನ್ನು ಹಕ್ಕಿಗಳ ಮೇಲೆ ಹಂಚಿಬಿಟ್ಟೆ.

"ನೋಡು, ಬಾಲದ ತುದೀಲಿ ಎರಡು ಚಮಚ ಇದೆಯಲ್ಲ, ಕಾಲಿಗೆ ಬಿಳೀ ಉಣ್ಣೆ ಚಡ್ಡಿ? ಅದು ಚಮಚಬಾಲ. ಯಾರ ಹಾಗೆ?"

ಅಬ್ದೋನ್ ಸ್ವಲ್ಪ ಹೊತ್ತು ನೋಡಿ ಕಣ್ಣರಳಿಸಿದ. "ದೋನ್ ಫಿದೆಲ್!"

ಊರ ಅಧಿಕಾರಿ ದೋನ್ ಫಿದೆಲ್ ಹಬ್ಬದ ದಿನ ಕುರಿತುಪ್ಪಳದ ಸವಾರಿ ಚಲ್ಲಣ ಏರಿಸಿ, ಕುದುರೆ ಇಲ್ಲದಿದ್ದರೂ ಕುದುರೆ ಸವಾರನ ಹಾಗೆ ಕಾಲಗಲಿಸಿ ನಡೆಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆಮೇಲೆ ದುಂಬಿಕಿಂದೆ. ದುಂಬಿಯಷ್ಟೇ ಗಾತ್ರ, ದುಂಬಿಯ ಹಾಗೇ ಗುಂಯ್ ಅನ್ನುತ್ತ ಬಂದು ದೊಡ್ಡ ಹಕ್ಕಿಗಳ ಮೂಗಿನ ಕೆಳಗೆ ಕದ್ದು ಕುಡಿದು ಹೋಗುತ್ತದೆ. ಅದು ತೋಬಿಯಾಸ್, ಮದುವೆ ಮನೆಯಲ್ಲಿ ಎಲ್ಲರ ಲೋಟಕ್ಕೂ ತುಟಿ ಹಚ್ಚುವವನು. ಕೆನ್ನೆಯಲ್ಲಿ ನೇರಳೆ ಗರಿ ಇಟ್ಟುಕೊಂಡು ಬೆಳಗಿನಿಂದ ಸಂಜೆಯ ತನಕ ಒಂದೇ ಕೊಂಬೆಯಲ್ಲಿ ಕೂತು ಚಿಪ್ ಚಿಪ್ ಚಿಪ್ ಅಂತ ಬೈಯುವ ನೇರಳೆಗೆನ್ನೆಗೆ ಅಂಗಡಿಯ ಕ್ಲೊತಿಲ್ದೆಯ ಹೆಸರು ಕೊಟ್ಟೆ. ಇನ್ನು ಕಿರೀಟಿ. ಇಡೀ ತೋಟವನ್ನೇ ತನ್ನ ಹೆಸರಿಗೆ ಬರೆಸಿಕೊಂಡ ಹಾಗೆ ಎಲ್ಲರನ್ನೂ ಅಟ್ಟಿಸಿಕೊಂಡು ಹೋಗಿ, ಬಂದು ಕೂತ ಮೇಲೂ ಎರಡು ರೆಕ್ಕೆ ಮೇಲೆತ್ತಿ ಹಿಡಿಯುವ ಹಕ್ಕಿ.

"ಇದು ಯಾರು ಅಂತ ನಾನು ಹೇಳ್ಬೇಕಾ?" ಅಂದೆ.

"ಬೇಡ" ಅಂದ ಅಬ್ದೋನ್, ದನಿ ತಗ್ಗಿಸಿ. "ನಮ್ಮ ಅತ್ತೆ."

"ಇನ್ನೂ ಆಗಿಲ್ಲ. ಸರಿಯಾಗಿ ಕೇಳಿಸ್ಕೊ. ಅಲ್ಲಿ ನಿಂತಾಗ ಮನಸ್ಸಲ್ಲಿ ಮನುಷ್ಯನ್ನ ನೆನೆಸ್ಕೊ, ಬಾಯಲ್ಲಿ ಹಕ್ಕಿ ಹೆಸರು ಹೇಳು. ಮನುಷ್ಯನ್ನ ನುಂಗಿಬಿಡು. ತಿಳೀತಾ?"

"ನುಂಗ್ತೀನಿ ಅಕ್ಕಾ."

ಶನಿವಾರ ಸಂಜೆಯ ಹೊತ್ತಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳುತ್ತಿದ್ದ. ನಾನು ಬೀಗಿದೆ. ಹೊಸದಾಗಿ ಗಿನಿಯಿಲಿ ಸುಟ್ಟೆ. ಕೊಡವನ್ನು ಮಾತ್ರ ಈ ಸಲ ನಾನೇ ಹಿಡಿದೆ.

ಭಾನುವಾರ ಬಲಿಪೂಜೆ ಮುಗಿದದ್ದೇ ತಡ, ಊರಿಗೆ ಊರೇ ಎರ್ಮೆಲಿಂದಳ ಜಗಲಿಯ ಮೇಲಿತ್ತು. ಅಲ್ಲಿಗೆ ಯಾರನ್ನೂ ಕರೆದಿರಲಿಲ್ಲ. ಕರೆಯದೆ ಬರುವುದರಲ್ಲಿ ನಮ್ಮವರು ಎತ್ತಿದ ಕೈ. ಮುಂದಿನ ಸಾಲಿನಲ್ಲಿ ದೋನ್ ಫಿದೆಲ್, ಪಕ್ಕದಲ್ಲಿ ಕ್ಲೊತಿಲ್ದೆ, ಕಂಬಕ್ಕೊರಗಿ ತೋಬಿಯಾಸ್. ಲಾಸ್ತೇನಿಯ ಅಡುಗೆಮನೆಯ ಕಿಟಕಿಯ ಒಳಗೆ. ಅಬ್ದೋನನ ಅಂಗಿಯ ಬೆನ್ನು ಆಗಲೇ ಬೆವರಿಗೆ ಅಂಟಿಕೊಂಡಿತ್ತು.

ಎರ್ಮೆಲಿಂದ ಕೋಲಿನಿಂದ ತೋರಿಸಿದಳು. "ಆ ಹೂ?"

"ಜುಮುಕಿ ಹೂ. ಹಸು ತಿನ್ನತ್ತೆ."

"ಹಸು ವಿಷಯ ನಾನು ಕೇಳಿಲ್ಲ. ಅದರ ಮೇಲಿನ ಹಕ್ಕಿ?"

ಬಾಲದ ಎರಡು ಚಮಚಗಳನ್ನು ಆಡಿಸುತ್ತ ಹಕ್ಕಿ ಹೂವಿನ ಕೆಳಗೆ ನಿಂತಿತ್ತು. ಅಬ್ದೋನ್ ಬಾಯಿ ತೆರೆದ, ಮುಚ್ಚಿದ. ಏನನ್ನೋ ನುಂಗಿದ. ಆಮೇಲೆ ಗಟ್ಟಿಯಾಗಿ ಹೇಳಿದ, "ದೋನ್ ಫಿದೆಲ್!"

"ಹೇಳಪ್ಪ, ಇಲ್ಲೇ ಇದೀನಿ" ಅಂದ ದೋನ್ ಫಿದೆಲ್.

ಈ ದಡ್ಡ ನುಂಗಬೇಕಾದ್ದನ್ನು ಹೇಳಿ, ಹೇಳಬೇಕಾದ್ದನ್ನು ನುಂಗಿದ್ದ.

"ನೀವಲ್ಲ, ಹಕ್ಕಿ" ಅಂದ ಅಬ್ದೋನ್. "ಹಕ್ಕಿ ದೋನ್ ಫಿದೆಲ್."

"ಯಾಕೆ ಅದು ಫಿದೆಲ್?" ಎರ್ಮೆಲಿಂದಳ ಕಣ್ಣು ಚಿಕ್ಕದಾಯಿತು.

"ಉಣ್ಣೆ ಚಡ್ಡಿ ಹಾಕ್ಕೊಂಡು ಎಲ್ಲರ ಮುಂದೆ ನಿಂತ್ಕೊಳ್ಳತ್ತಲ್ಲ, ಅದಕ್ಕೆ."

ಜಗಲಿ ಅದುರುವ ಹಾಗೆ ಜನ ನಕ್ಕರು. ದೋನ್ ಫಿದೆಲ್ ಎದ್ದು ನಿಂತ, ಎದ್ದದ್ದಕ್ಕೆ ಏನು ಮಾಡಬೇಕೆಂದು ತೋಚದೆ ಕೂತ. ಎಲ್ಲರಿಗಿಂತ ಜೋರಾಗಿ ನಕ್ಕವನು ತೋಬಿಯಾಸ್.

"ಆ ನೀಲಿ ಕಡ್ಡಿ ಹೂ?"

"ಇಲಿಬಾಲ. ಹಸು ತಿನ್ನಲ್ಲ."

"ಹಕ್ಕಿ?"

"ತೋಬಿಯಾಸ್" ಅಂದ ಅಬ್ದೋನ್, ಈಗ ಸ್ವಲ್ಪ ಧೈರ್ಯ ಬಂದವನ ಹಾಗೆ. "ಇನ್ನೊಬ್ಬರ ಪಾಲು ಕುಡಿಯೋನು."

ಎಲ್ಲರೂ ತೋಬಿಯಾಸನ ಕಡೆ ತಿರುಗಿದರು. ಅವನ ಕೈಯಲ್ಲಿ ಒಂದು ಲೋಟವಿತ್ತು. ಅದು ದೋನ್ ಫಿದೆಲನ ಲೋಟ. ನಾನು ಕಾಲ ಬಳಿ ಇಟ್ಟಿದ್ದ ಕೊಡವನ್ನು ನೋಡಿಕೊಂಡೆ, ಅದರ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು.

ನಾನು ಅಬ್ದೋನನಿಗೆ ಕಣ್ಣು ಬಿಟ್ಟೆ, ಕೈ ಆಡಿಸಿದೆ, ತುಟಿ ಮೇಲೆ ಬೆರಳಿಟ್ಟೆ. ಅವನು ನನ್ನನ್ನು ನೋಡಿ ಪ್ರೀತಿಯಿಂದ ತಲೆಯಾಡಿಸಿದ. ಮುಂದೆ ಬರುವುದು ಕ್ಲೊತಿಲ್ದೆಯ ಹಕ್ಕಿ. ಅಂಗಡಿಯವಳನ್ನು ಎದುರು ಹಾಕಿಕೊಂಡರೆ ನಾಳೆಯಿಂದ ನನಗೆ ಉಪ್ಪು ಯಾರು ಕೊಡುತ್ತಾರೆ?

"ಕೆಂಪು ಹೂ?"

"ಸಾಲ್ವಿಯ. ಹಸು ತಿನ್ನತ್ತೆ."

"ಕೊಂಬೆ ಮೇಲೆ ಕೂತು ಅರಚ್ತಿದೆಯಲ್ಲ, ಅದು?"

"ಅದು ನಮ್ಮಕ್ಕ ಒತಿಲಿಯ" ಅಂದ ಅಬ್ದೋನ್.

ನಾನು ಬುಟ್ಟಿ ಕೆಳಗಿಟ್ಟೆ. "ಏನಂದೆ?"

"ನೀನು ಕ್ಲೊತಿಲ್ದೆ ಅಂತ ಹೇಳಿಕೊಟ್ಟಿದ್ದೆ ಅಕ್ಕಾ, ಆದ್ರೆ ನೆನಪಲ್ಲಿ ನಿಲ್ತಾ ಇರ್ಲಿಲ್ಲ. ನೀನು ಅಂದ್ಕೊಂಡೆ, ತಟ್ಟಂತ ನಿಂತ್ಬಿಡ್ತು."

ಹೀಗೆ ಒಂದೇ ಏಟಿಗೆ ಎರಡು ಹಕ್ಕಿ ಬಿದ್ದವು. ಕ್ಲೊತಿಲ್ದೆ ನನ್ನ ಕಡೆ ತಿರುಗಿ, "ನನ್ನ ಹೆಸರಿಟ್ಟಿದ್ಯಾ ಆ ಬಾಯಿಬಡುಕಿಗೆ? ಬಾ ನಾಳೆ ಅಂಗಡಿಗೆ" ಅಂದಳು. ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದು ಬೇಡ. ಬಹಳ ಹೊತ್ತು ಆಡಿದೆ, ಅಷ್ಟು ಹೇಳಿದರೆ ಸಾಕು. ಆ ಹಕ್ಕಿಯೂ ಆಡುತ್ತಲೇ ಇತ್ತು, ಜನ ಒಮ್ಮೆ ಅದನ್ನು ಒಮ್ಮೆ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡರು.

ಎರ್ಮೆಲಿಂದ ನಗಲಿಲ್ಲ. ಕೋಲು ಎತ್ತಿ ಮೊಗ್ಗು ದಾಸವಾಳದ ಕಡೆ ತೋರಿಸಿದಳು. "ಹೂ?"

"ಮೊಗ್ಗು ದಾಸವಾಳ. ಹಸು..." ಅಂತ ಶುರು ಮಾಡಿ ಅಬ್ದೋನ್ ನಿಂತುಬಿಟ್ಟ. ಗಿಡದ ಮೇಲೆ ಕಿರೀಟಿ ಬಂದು ಕೂತಿತ್ತು. ಇನ್ನೊಂದು ಹಕ್ಕಿಯನ್ನು ಅಟ್ಟಿ ಬಂದ ಹುರುಪಿನಲ್ಲಿ ಎರಡೂ ರೆಕ್ಕೆ ಮೇಲೆತ್ತಿತ್ತು.

"ಅದ್ಯಾರು?" ಅಂದಳು ಎರ್ಮೆಲಿಂದ. ಯಾವುದು ಅಂತ ಕೇಳುವುದನ್ನು ಅವಳೂ ಬಿಟ್ಟಿದ್ದಳು.

"ಗೊತ್ತಿಲ್ಲ ದೋನ್ಯ."

"ಗೊತ್ತಿದೆ. ಕಿವಿ ಕೆಂಪಾಗಿದೆ ನಿಂಗೆ. ಹೇಳು."

ನಾನು ಕಣ್ಣು ಮುಚ್ಚಿ ಗೊತ್ತಿದ್ದ ಸಂತರನ್ನೆಲ್ಲ ಕರೆದೆ. ಅಬ್ದೋನನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹಾಲಿಗೆ ನೀರು ಹಾಕಲೂ ಬಾರದ ಹಾಲಿನವನು ಅವನು.

"ನೀವು" ಅಂದ.

"ನಾನಾ!" ಅಂತ ಎರ್ಮೆಲಿಂದ ಎರಡೂ ಕೈ ಮೇಲೆತ್ತಿದಳು. ಆ ಕಡೆ ಹಕ್ಕಿಯ ರೆಕ್ಕೆಯೂ ಮೇಲೆಯೇ ಇತ್ತು. ಮುದುಕಿ ಹಕ್ಕಿಯನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ನಿಧಾನವಾಗಿ ಇಳಿಸಿದಳು.

"ಅದು ಇಲ್ದಿದ್ರೆ ಈ ತೋಟದಲ್ಲಿ ಒಂದು ಶಿಸ್ತು ಇರ್ತಿತ್ತಾ?" ಅಂತ ಎಲ್ಲರನ್ನೂ ಕೇಳಿದಳು. ಆಮೇಲೆ ಅಬ್ದೋನನ ಕಡೆ ತಿರುಗಿದಳು. "ಹೆಸರು ಒಂದನ್ನೂ ಸರಿಯಾಗಿ ಹೇಳಿಲ್ಲ ನೀನು. ಗುರುತು ಒಂದೂ ತಪ್ಪಿಲ್ಲ. ಇದನ್ನ ಪಾಸು ಅನ್ಲಾ ಫೇಲು ಅನ್ಲಾ ನಂಗೇ ಗೊತ್ತಾಗ್ತಿಲ್ಲ. ಇನ್ನೊಂದೇ ಒಂದು ಕೇಳ್ತೀನಿ. ಅಲ್ಲಿಗೆ ತೀರ್ಮಾನ."

ಅವಳು ಕೋಲು ತಿರುಗಿಸಿದ್ದು ಗೇಟಿನ ಪಕ್ಕಕ್ಕೆ, ಹಾಲಿನ ಕ್ಯಾನು ಇಳಿಸುವ ಕಲ್ಲಿನ ಬಳಿ. ಅಲ್ಲಿ ಆಳೆತ್ತರದ ಗಿಡ, ಅದರಲ್ಲಿ ಏಡಿಯ ಕೊಂಡಿಗಳನ್ನು ಪೋಣಿಸಿದ ಹಾಗೆ ಇಳಿಬಿದ್ದ ಕೆಂಪು ಹೂ. ಕಾಡಿನ ಕಡೆಯಿಂದ ಕಂದು ಬಣ್ಣದ ಹಕ್ಕಿಯೊಂದು ನೇರವಾಗಿ ಬಂತು. ಕೊಕ್ಕು ಉದ್ದ, ಕುಡುಗೋಲಿನ ಹಾಗೆ ಸೊಟ್ಟ. ಆ ಗಿಡ ನನ್ನ ಹಿತ್ತಲಲ್ಲಿಲ್ಲ, ಆ ಹಕ್ಕಿ ನನ್ನ ಮನೆಗೆ ಬರುವುದಿಲ್ಲ. ಅವೆರಡನ್ನೂ ನಾನು ಅವನಿಗೆ ಕಲಿಸಿರಲಿಲ್ಲ.

ಅಬ್ದೋನ್ ಈ ಸಲ ಏನನ್ನೂ ನುಂಗಲಿಲ್ಲ.

"ಇದು ನಾನು" ಅಂದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ದಿನಾ ಬೆಳಿಗ್ಗೆ ಒಂದೇ ದಾರೀಲಿ ಬರತ್ತೆ" ಅಂದ ಅಬ್ದೋನ್. "ಮನೆಮನೆ ತಿರುಗತ್ತೆ, ಎಲ್ಲೂ ಕೂರಲ್ಲ. ಜಗಳ ಆಡಲ್ಲ. ಇದು ನನ್ನದು ಅನ್ನೋಕೆ ಒಂದು ಗಿಡಾನೂ ಇಲ್ಲ ಅದಕ್ಕೆ. ನಾನು ಕ್ಯಾನು ಇಳಿಸೋ ಹೊತ್ತಿಗೆ ಇಲ್ಲಿರತ್ತೆ. ಹೆಸರು ಅಕ್ಕ ಹೇಳಿಕೊಟ್ಟಿಲ್ಲ."

"ಹೂ?"

"ಗೊತ್ತಿಲ್ಲ ದೋನ್ಯ. ಹಸು ತಿನ್ನತ್ತೋ ಇಲ್ವೋ ಅದೂ ಗೊತ್ತಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದೀನಿ, ಗಿಡ ನೋಡೇ ಇಲ್ಲ. ಇಲ್ಲಿ ನಿಂತ್ರೆ ಅಡುಗೆಮನೆ ಕಿಟಕೀಲಿ ಲಾಸ್ತೇನಿಯ ಕಾಣ್ತಾಳೆ. ಅದೊಂದು ಗೊತ್ತು."

ನನಗೆ ಅಳು ಬಂತು, ನಾಚಿಕೆಯೇನು, ಅತ್ತುಬಿಟ್ಟೆ. ಹಕ್ಕಿಗೆ ನನ್ನ ಹೆಸರಿಟ್ಟ ಸಿಟ್ಟು ಕೂಡ ಆ ಅಳುವಿನಲ್ಲಿ ಅರ್ಧ ಹೋಯಿತು, ಪೂರ್ತಿ ಅಲ್ಲ.

"ತಪ್ಪು" ಅಂದಳು ಎರ್ಮೆಲಿಂದ.

ಅಬ್ದೋನನ ಕೈಯಿಂದ ಟೋಪಿ ಜಾರಿತು.

"ಅದು ನೀನಲ್ಲ" ಅಂದಳು ಮುದುಕಿ. "ಅದನ್ನ ನೋಡು ಸರಿಯಾಗಿ. ಅದಕ್ಕೆ ಹೂ ಬೇಕಿತ್ತು. ಬಂತು, ತಾನೇ ಬಾಯಿ ಹಾಕ್ತು. ಅಕ್ಕನ್ನ ಮುಂದೆ ಕಳಿಸಿ ಬೇಲಿ ಹತ್ರ ನಿಂತ್ಕೊಳ್ತಾ?"

ಆ ಮಾತು ನನ್ನ ಕೆನ್ನೆಗೆ ಬಾರಿಸಿದ ಹಾಗಿತ್ತು. ಕನ್ನಡಿಯ ಮುಂದೆ ಕಲಿತ ಭಾಷಣವೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು. ಅಲ್ಲಿಯವರೆಗೆ ಲಾಸ್ತೇನಿಯಳನ್ನು ಯಾರೂ ಏನೂ ಕೇಳಿಯೇ ಇಲ್ಲ ಅನ್ನುವುದು ನನಗೆ ಹೊಳೆದದ್ದೇ ಆಗ. ನಾವು ಕೇಳುತ್ತಿದ್ದದ್ದು ಅವಳ ತಾಯಿಯನ್ನು.

ಅಬ್ದೋನ್ ಟೋಪಿ ಎತ್ತಿಕೊಳ್ಳಲಿಲ್ಲ. ನನ್ನನ್ನು ದಾಟಿ, ಗಿನಿಯಿಲಿ ಬುಟ್ಟಿ ದಾಟಿ, ಹೂಕುಂಡಗಳ ನಡುವೆ ಕೆಸರು ಮೆತ್ತಿದ ರಬ್ಬರ್ ಬೂಟಿನಲ್ಲಿ ಧಪಧಪ ನಡೆದು ಅಡುಗೆಮನೆಯ ಬಾಗಿಲಿಗೆ ಹೋದ. ಲಾಸ್ತೇನಿಯ ಕಿಟಕಿಯಿಂದ ಬಾಗಿಲಿಗೆ ಬಂದಿದ್ದಳು.

"ಲಾಸ್ತೇನಿಯಾ" ಅಂದ. "ನನ್ನ ಮದುವೆ ಆಗ್ತೀಯಾ?"

ಅವಳು ಅಡುಗೆಯ ಬಟ್ಟೆಗೆ ಕೈ ಒರೆಸಿದಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಆ ಹೂ ಕಾಡುಬಾಳೆ" ಅಂದಳು. "ಆ ಹಕ್ಕಿ ಸೊಟ್ಟಕೊಕ್ಕು. ದಾರಿಗೆ ಅಡ್ಡ ಅಂತ ಅಮ್ಮ ಎಷ್ಟು ಬೈದ್ರೂ ಆ ಗಿಡಾನ ಕಲ್ಲಿನ ಪಕ್ಕ ನೆಟ್ಟೋಳು ನಾನು. ಹಾಲು ಇಳಿಸಿ ಹಂಗೇ ಓಡ್ತಿದ್ದೆ ನೀನು. ಹಕ್ಕಿ ನೋಡೋಕಾದ್ರೂ ಸ್ವಲ್ಪ ಹೊತ್ತು ನಿಲ್ತಾನೇನೋ ಅಂತ."

"ನಾನು ಹಕ್ಕಿ ನೋಡ್ತಿರ್ಲಿಲ್ಲ."

"ನಂಗೇನು ಗೊತ್ತು? ನಿಂಗೆ ಹಕ್ಕಿ ಅಂದ್ರೆ ಪ್ರಾಣ ಅಂದ್ಕೊಂಡಿದ್ದೆ. ಅದಕ್ಕೇ ಇನ್ನೂ ಎರಡು ಗಿಡ ನೆಟ್ಟೆ." ಅವಳು ನಕ್ಕಳು. ಅಷ್ಟು ಚೆನ್ನಾಗಿ ನಗುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. "ಆಗ್ತೀನಿ. ಆದ್ರೆ ಈ ತೋಟ ಬಿಟ್ಟು ನಾನು ಎಲ್ಲಿಗೂ ಬರಲ್ಲ. ನೀನೇ ಬಾ."

ಜಗಲಿಯವರು ಕೂಗಿದ ಕೂಗಿಗೆ ತೋಟದ ಹಕ್ಕಿಗಳೆಲ್ಲ ಒಂದೇ ಸಲ ಎದ್ದು ಹೋದವು. ದೋನ್ ಫಿದೆಲ್ ಯಾರನ್ನೂ ಕೇಳದೆ ಬುಟ್ಟಿಗೆ ಕೈ ಹಾಕಿದ. ಅಬ್ದೋನ್ ಹೊಸ್ತಿಲ ಮೇಲೆ ಒಂದು ಕಾಲಿಟ್ಟ.

"ಕಾಲು ಒರೆಸ್ಕೊಂಡು ಒಳಗೆ ಹೋಗು" ಅಂದಳು ಎರ್ಮೆಲಿಂದ, ಅವನ ಕಡೆ ತಿರುಗದೆ.

ಅಬ್ದೋನ್ ಒರೆಸತೊಡಗಿದ. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ಹೊಸ್ತಿಲ ಮುಂದೆ ಹಾಸಿದ್ದ ಗೋಣಿಚೀಲ ಹರಿದುಹೋಗುವ ಹಾಗೆ ಒರೆಸುತ್ತಲೇ ಇದ್ದ. ಕೊನೆಗೆ ಲಾಸ್ತೇನಿಯಳೇ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು.